ಉಗುರಿಲ್ಲದ ಬೆರಳಿಗೆ ಒಂದಿಷ್ಟು ಉಪಾಯ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎನ್ನುತ್ತದೆ ಗಾದೆ. ಉಗುರೇ ಇಲ್ಲದವರು ಏನು ಮಾಡಬೇಕು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಮೃದಂಗ, ತಬಲಾ ನುಡಿಸುವವರು, ಪಿಟೀಲಿನವರು, ಆಸ್ಪತ್ರೆಯ ನರ್ಸುಗಳು, ಹೋಟೆಲಿನ ಅಡುಗೆಯವರು ಉಗುರನ್ನು ಬುಡಮಟ್ಟ ಕತ್ತರಿಸಿಕೊಂಡಿರುತ್ತಾರೆ. ಹಲ್ಲಿನಲ್ಲಿ ಕಚ್ಚಿ ಕಚ್ಚಿ ಮುಗಿಸಿದವರೂ ಇದ್ದಾರೆ. ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ, ಅಷ್ಟೇ. ಬೀಗದ ಕೈ ಗೊಂಚಲಿಗೆ ಇವತ್ತೇ ಇನ್ನೊಂದು ಕೀ ಸೇರಿಸಬೇಕಾದವರು ಅಲ್ಲಿಯವರೆಗೆ ಕಾಯಲಾಗದು.

ಉಗುರು ಮಾಡುವ ಕೆಲಸ ಮುಖ್ಯವಾಗಿ ನಾಲ್ಕು: ಸಂದಿಗೆ ತೂರಿ ಎತ್ತುವುದು, ಚಿವುಟುವುದು, ಬೆರಳ ತುದಿಗೆ ಹಿಂದಿನಿಂದ ಒತ್ತುಕೊಟ್ಟು ಹಿಡಿತ ಬಿಗಿ ಮಾಡುವುದು, ಕೆರೆದು ತೆಗೆಯುವುದು. ನಿಮಗೆ ಈಗ ಬೇಕಿರುವುದು ಇವುಗಳಲ್ಲಿ ಯಾವುದು ಎಂದು ಗೊತ್ತಾದರೆ ಸಾಧನ ಮನೆಯಲ್ಲೇ ಸಿಗುತ್ತದೆ. ಉಗುರಿಲ್ಲದ ಬೆರಳನ್ನು ಒತ್ತಿದಷ್ಟೂ ಅದರ ಮಾಂಸ ಚಪ್ಪಟೆಯಾಗಿ ಅಗಲವಾಗುತ್ತದೆ, ಸಂದಿಗೆ ಹೋಗುವುದು ಇನ್ನಷ್ಟು ಕಷ್ಟವಾಗುತ್ತದೆ. ಹಾಗಾಗಿ ಬಲ ಹಾಕಿ ಪ್ರಯೋಜನವಿಲ್ಲ. ಹಲ್ಲು ಹಾಕುವುದೂ ಬೇಡ, ಚಾಕುವಿನ ಮೊನೆಯೂ ಬೇಡ. ಹಲ್ಲಿನ ಅಂಚು ಒಡೆದರೆ ಮತ್ತೆ ಬೆಳೆಯುವುದಿಲ್ಲ. ಚಾಕು ಜಾರಿದರೆ ನೇರ ಇನ್ನೊಂದು ಕೈಗೇ ಬರುತ್ತದೆ.

ಸಂದಿಗೆ ತೂರಬೇಕಾದಾಗ

ಕೀ ರಿಂಗಿನಿಂದ ಶುರು ಮಾಡೋಣ. ಅದು ಎರಡು ಸುತ್ತು ಸುತ್ತಿದ ಸ್ಪ್ರಿಂಗ್ ಉಕ್ಕಿನ ತಂತಿ. ಸುತ್ತುಗಳ ನಡುವೆ ಕಾಗದ ಹೋಗುವಷ್ಟೂ ಜಾಗ ಇರುವುದಿಲ್ಲ. ಇದಕ್ಕೆ ಒಳ್ಳೆಯ ಸಾಧನ ಆಫೀಸಿನಲ್ಲಿ ಸ್ಟೇಪ್ಲರ್ ಪಿನ್ ಕೀಳುವ ಹಲ್ಲಿನ ಇಕ್ಕಳ. ಮೊದಲು ರಿಂಗಿನ ಮೇಲೆ ಬೆರಳಾಡಿಸಿ ತಂತಿಯ ತುದಿ ಎಲ್ಲಿದೆ ಎಂದು ಕಂಡುಕೊಳ್ಳಿ. ಆ ತುದಿಯ ಪಕ್ಕದಲ್ಲೇ ಇಕ್ಕಳದ ಹಲ್ಲನ್ನು ಎರಡು ಸುತ್ತುಗಳ ನಡುವೆ ಇಟ್ಟು ಮೆಲ್ಲಗೆ ಅದುಮಿ. ಹಲ್ಲು ಬೆಣೆಯ ಹಾಗೆ ಒಳಗೆ ಹೋಗಿ ಸುತ್ತುಗಳನ್ನು ಬೇರೆ ಮಾಡುತ್ತದೆ. ಬಿಟ್ಟ ಸಂದಿಗೆ ಕೀಯ ತೂತನ್ನು ಸಿಕ್ಕಿಸಿ, ಇಕ್ಕಳ ತೆಗೆದು, ಕೀಯನ್ನು ತಂತಿಯ ಉದ್ದಕ್ಕೂ ಸುತ್ತು ಮುಗಿಯುವವರೆಗೆ ತಳ್ಳಿ. ಅರ್ಧ ದಾರಿಯಲ್ಲಿ ನಿಲ್ಲಿಸಬೇಡಿ. ಎರಡು ಸುತ್ತುಗಳ ನಡುವೆ ಸಿಕ್ಕಿಕೊಂಡ ಕೀ ಒಂದಲ್ಲ ಒಂದು ದಿನ ಜೇಬಿನಲ್ಲೇ ಕಳಚಿಕೊಳ್ಳುತ್ತದೆ. ಇಕ್ಕಳ ಇಲ್ಲವೇ? ನೇಲ್ ಕಟರ್‌ಗೆ ಮಡಚಿಟ್ಟಿರುವ ಚೂಪು ತುದಿಯ ಅರ ಸಾಕು. ಉಗುರು ಕಿತ್ತುಕೊಂಡ ಉಪಕರಣವೇ ಉಗುರಿನ ಕೆಲಸವನ್ನೂ ಮಾಡಿಕೊಡುತ್ತದೆ! ಇಷ್ಟೆಲ್ಲ ಆದ ಮೇಲೆ ಸುತ್ತುಗಳು ಮತ್ತೆ ಒಂದಕ್ಕೊಂದು ಅಂಟಿ ಕೂರದಿದ್ದರೆ ಆ ರಿಂಗನ್ನು ಎಸೆಯಿರಿ. ಹಿಗ್ಗಿದ ಸ್ಪ್ರಿಂಗನ್ನು ಬಗ್ಗಿಸಿ ಸರಿ ಮಾಡಲಾಗದು.

ಹೊಸ ಸ್ಟೀಲ್ ಪಾತ್ರೆಯ ಸ್ಟಿಕ್ಕರ್‌ನಷ್ಟು ತಾಳ್ಮೆ ಪರೀಕ್ಷಿಸುವ ವಸ್ತು ಇನ್ನೊಂದಿಲ್ಲ. ಒಣ ಸ್ಟಿಕ್ಕರ್‌ನ ಮೂಲೆಯನ್ನು ಕೆರೆದರೆ ಮೇಲಿನ ಕಾಗದ ಹರಿದು, ಅಂಟೆಲ್ಲ ಪಾತ್ರೆಯಲ್ಲೇ ಉಳಿಯುತ್ತದೆ. ಪಾತ್ರೆಗೆ ಕುದಿಯುವ ನೀರು ಹಾಕಿ ಎರಡು ಮೂರು ನಿಮಿಷ ಬಿಡಿ. ನೀರಿನ ಮಟ್ಟ ಸ್ಟಿಕ್ಕರ್‌ಗಿಂತ ಮೇಲಿರಬೇಕು, ಸ್ಟಿಕ್ಕರ್ ಇರುವ ಹೊರಮೈ ಒಣಗಿರಬೇಕು. ಶಾಖಕ್ಕೆ ಅಂಟು ಮೆತ್ತಗಾದ ಮೇಲೆ ಹಳೆಯ ಎಟಿಎಂ ಕಾರ್ಡಿನ ಮೂಲೆಯನ್ನು ಮಲಗಿಸಿ ಹಿಡಿದು ಸ್ಟಿಕ್ಕರ್‌ನ ಒಂದು ಮೂಲೆ ಎತ್ತಿ. ಆಮೇಲೆ ನಿಮ್ಮ ಕಡೆಗೆ ಎಳೆಯಬೇಡಿ. ಎದ್ದ ಭಾಗವನ್ನು ಹಿಂದಕ್ಕೆ ಮಡಿಸಿ, ಪಾತ್ರೆಯ ಮೈಗೆ ಒರಗಿಸಿಕೊಂಡೇ ನಿಧಾನವಾಗಿ ಸುಲಿಯಿರಿ. ಪಾತ್ರೆ ಬಿಸಿ ಇರುತ್ತದೆ, ಇನ್ನೊಂದು ಕೈಯಲ್ಲಿ ಬಟ್ಟೆಯಿರಲಿ. ಅಂಟು ಉಳಿದರೆ ಕೊಬ್ಬರಿ ಎಣ್ಣೆ ಹಚ್ಚಿ ಹದಿನೈದು ನಿಮಿಷ ಬಿಟ್ಟು ಒಣಬಟ್ಟೆಯಲ್ಲಿ ಉಜ್ಜಿ, ಕೊನೆಗೆ ಸೋಪು ಹಾಕಿ ತೊಳೆಯಿರಿ. ಕೆಲವರು ಪಾತ್ರೆಯನ್ನು ನೇರ ಗ್ಯಾಸ್ ಉರಿಗೆ ಹಿಡಿಯುತ್ತಾರೆ. ಒಂದು ಕ್ಷಣ ಹೆಚ್ಚಾದರೂ ಕಾಗದ ಸೀದು ಅಂಟು ಕಪ್ಪಾಗಿ ಕೂರುತ್ತದೆ, ಆಮೇಲೆ ಅದನ್ನು ತೆಗೆಯುವುದು ಇಮ್ಮಡಿ ಕೆಲಸ. ಗಾಜಿನ ಬಾಟಲಿಗಾದರೆ ಕುದಿಯುವ ನೀರು ಬೇಡ, ಸೀಳಬಹುದು. ಕೈ ತಾಳುವಷ್ಟು ಬಿಸಿಯಲ್ಲಿ ಅರ್ಧ ಗಂಟೆ ನೆನೆಯಿಟ್ಟರೆ ಕಾಗದದ ಲೇಬಲ್ಲು ಬಿಡುತ್ತದೆ. ಪ್ಲಾಸ್ಟಿಕ್ ಲೇಬಲ್ಲು ನೀರು ಕುಡಿಯುವುದಿಲ್ಲ, ಅದಕ್ಕೆ ಎಣ್ಣೆಯೇ ದಾರಿ.

ಸೆಲ್ಲೋ ಟೇಪಿನ ತುದಿ ಕಳೆದುಹೋದರೆ ಸುರುಳಿಯನ್ನು ಓರೆ ಬೆಳಕಿಗೆ ಹಿಡಿದು ತಿರುಗಿಸಿ, ಸಣ್ಣ ಗೆರೆಯೊಂದು ಕಾಣುತ್ತದೆ. ಕಾಣದಿದ್ದರೆ ಚಿಟಿಕೆ ಪೌಡರ್ ಸವರಿ. ತುದಿಯ ಅಂಚಿನಲ್ಲಿ ಅಂಟು ಹೊರಬಂದಿರುವುದರಿಂದ ಪೌಡರ್ ಅಲ್ಲಿ ಹಿಡಿಯುತ್ತದೆ. ಎತ್ತಲು ಉಗುರು ಬೇಡ. ಗಟ್ಟಿಯಾಗಿ ಅಂಟುವ ಇನ್ನೊಂದು ಟೇಪಿನ ತುಂಡನ್ನು, ಬ್ಯಾಂಡೇಜ್ ಪಟ್ಟಿಯಾದರೂ ಸರಿ, ಆ ತುದಿಯ ಮೇಲೆ ಒತ್ತಿ ಹಿಂದಕ್ಕೆ ಎಳೆದರೆ ತುದಿ ಅದರ ಜೊತೆಗೇ ಬರುತ್ತದೆ. ಮೊಬೈಲಿನ ಸ್ಕ್ರೀನ್ ಗಾರ್ಡ್‌ನ ತೆಳು ಹಾಳೆ, ಹೊಸ ಮಿಕ್ಸಿ ಫ್ರಿಜ್ಜಿನ ಮೇಲಿನ ಪ್ಲಾಸ್ಟಿಕ್ ಪೊರೆ, ಎಲ್ಲಕ್ಕೂ ಇದೇ ಉಪಾಯ: ಮೂಲೆಗೆ ಟೇಪು ಅಂಟಿಸಿ ಎಳೆಯುವುದು. ಟೇಪು ಉದ್ದಕ್ಕೆ ಸೀಳಿಕೊಂಡು ಸಣ್ಣ ಎಳೆಯಾಗಿ ಬರುತ್ತಿದ್ದರೆ ಆ ಎಳೆಯನ್ನೇ ಎಳೆಯುತ್ತ ಹೋಗಬೇಡಿ, ಸುರುಳಿ ಪೂರ್ತಿ ಹಾಗೇ ಬರುತ್ತದೆ. ಉಳಿದ ಅಗಲದ ತುದಿಯನ್ನು ಹುಡುಕಿ ಎತ್ತಿ, ಎರಡನ್ನೂ ಒಟ್ಟಿಗೆ ಎಳೆಯಿರಿ. ಕೆಲಸವಾದ ಮೇಲೆ ತುದಿಯನ್ನು ಅರ್ಧ ಸೆಂ.ಮೀ. ಒಳಕ್ಕೆ ಮಡಚಿಟ್ಟರೆ ಮುಂದಿನ ಸಲ ಈ ಹುಡುಕಾಟವೇ ಇರುವುದಿಲ್ಲ.

ಉಂಗುರ ಎಳೆದು ತೆರೆಯುವ ಡಬ್ಬಿಗೆ ಚಮಚದ ಹಿಡಿಯನ್ನು ಉಂಗುರದ ಅಡಿಗೆ ತೂರಿಸಿ ಮೇಲಕ್ಕೆ ಮೀಟಿ. ರಿಮೋಟಿನ ಬ್ಯಾಟರಿ ಮುಚ್ಚಳಕ್ಕೆ ನಾಣ್ಯ. ನೆಲಕ್ಕೆ ಬಿದ್ದ ನಾಣ್ಯಕ್ಕೆ ವಿಸಿಟಿಂಗ್ ಕಾರ್ಡು. ಸಿಮ್ ಟ್ರೇಗೆ ಬಿಡಿಸಿದ ಪೇಪರ್ ಕ್ಲಿಪ್ಪು ಸಾಕು, ಆದರೆ ಚುಚ್ಚುವ ಮೊದಲು ತೂತು ಯಾವುದೆಂದು ನೋಡಿ. ಟ್ರೇಯ ಗೆರೆಯೊಳಗೆ ಇರುವುದೇ ಸರಿಯಾದದ್ದು, ಒಂಟಿಯಾಗಿರುವ ತೂತು ಮೈಕಿನದಾಗಿರಬಹುದು.

ಅಡುಗೆಮನೆಯ ಚಿವುಟಾಟ

ಅವರೆಕಾಯಿ ಕಾಲ ಬಂತೆಂದರೆ ಉಗುರಿನ ಬೆಲೆ ಗೊತ್ತಾಗುತ್ತದೆ. ಕಾಯಿ ಬಿಡಿಸುವಾಗ ತುದಿಯನ್ನು ಉಗುರಿನಲ್ಲಿ ಚಿವುಟುವ ಬದಲು ಸಣ್ಣ ಕತ್ತರಿಯಲ್ಲಿ ಕತ್ತರಿಸಿ ನಾರು ಎಳೆಯಿರಿ. ನಂತರ ಕಾಳು ಉಬ್ಬಿರುವ ಕಡೆ ಹೆಬ್ಬೆರಳ ಪಕ್ಕದಿಂದ ಅದುಮಿದರೆ ಕಾಯಿ ಅಂಚಿನಲ್ಲಿ ತಾನೇ ಬಾಯಿ ಬಿಡುತ್ತದೆ.

ಹಿದುಕಿದ ಬೇಳೆಯ ವಿಷಯ ಬೇರೆ. ಅಲ್ಲಿ ಉಗುರಿನ ಕೊರತೆಯನ್ನು ನೀರು ತುಂಬಿಕೊಡುತ್ತದೆ. ಕಾಳು ಮುಳುಗಿ ಮೇಲೆ ಎರಡು ಅಂಗುಲ ನಿಲ್ಲುವಷ್ಟು ನೀರು ಹಾಕಿ ರಾತ್ರಿಯಿಡೀ ನೆನೆಸಿ. ಸಿಪ್ಪೆ ಹಿಗ್ಗಿ ಬೇಳೆಯಿಂದ ಬೇರೆಯಾಗುತ್ತದೆ, ಒಂದು ತುದಿಯಲ್ಲಿ ಹೆಬ್ಬೆರಳು ತೋರುಬೆರಳಿನಿಂದ ಒತ್ತಿದರೆ ಇನ್ನೊಂದು ತುದಿಯಿಂದ ಬೇಳೆ ಚಿಮ್ಮುತ್ತದೆ. ಸಿಪ್ಪೆ ಬೇಳೆಗೆ ಅಂಟಿಕೊಂಡೇ ಇದ್ದು ಕಾಳು ಒಡೆದು ಪುಡಿಯಾಗುತ್ತಿದ್ದರೆ ನೆನೆದದ್ದು ಸಾಲದು. ಉಗುರಿಗಾಗಿ ಹಂಬಲಿಸದೆ ಬಿಸಿನೀರು ಹಾಕಿ ಇನ್ನೊಂದು ಗಂಟೆ ಬಿಡಿ. ನೆನೆದದ್ದು ಹೆಚ್ಚಾದರೆ ಲೋಳೆ ಬಂದು ಕಾಳು ಬೆರಳಿನಲ್ಲಿ ನಿಲ್ಲುವುದಿಲ್ಲ, ವಾಸನೆಯೂ ಬರುತ್ತದೆ. ಆಗ ನೀರು ಬದಲಿಸಿ ತೊಳೆದು, ಬೆರಳು ಒರೆಸಿಕೊಳ್ಳುತ್ತ ಹಿದುಕಬೇಕು. ನೀರಿರುವ ಪಾತ್ರೆಯ ಮೇಲೇ ಕೈ ಹಿಡಿದು ಹಿದುಕಿದರೆ ಬೇಳೆ ಹಾರಿ ಅಡುಗೆಮನೆಯ ಮೂಲೆ ಸೇರುವುದಿಲ್ಲ.

ಬೆಳ್ಳುಳ್ಳಿ ಎಸಳಿನ ಬುಡವನ್ನು ಚಾಕುವಿನಲ್ಲಿ ಕತ್ತರಿಸಿ, ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಹಾಕಿಟ್ಟರೆ ಸಿಪ್ಪೆ ಬೆರಳಿನ ತಳ್ಳುವಿಕೆಗೇ ಬರುತ್ತದೆ. ಒಗ್ಗರಣೆಗಾದರೆ ಚಾಕುವಿನ ಅಗಲದಿಂದ ಒಂದು ಜಜ್ಜು ಸಾಕು. ಉಪ್ಪಿನಕಾಯಿಗೆ ಕಾಲು ಕಿಲೋ ಬೇಕಿದ್ದರೆ ನೀರಿನ ದಾರಿ ಬೇಡ, ತೇವ ಉಳಿದರೆ ಉಪ್ಪಿನಕಾಯಿ ಕೆಡುತ್ತದೆ. ಎಸಳಿಗೆ ಎಣ್ಣೆ ಸವರಿ ಒಂದೆರಡು ಗಂಟೆ ಬಿಸಿಲಿಗೆ ಹಾಕಿ, ಬಟ್ಟೆಯಲ್ಲಿ ಕಟ್ಟಿ ತಿಕ್ಕಿದರೆ ಸಿಪ್ಪೆ ಉದುರುತ್ತದೆ. ಶುಂಠಿಯ ಸಿಪ್ಪೆ ಕೆರೆಯಲು ಚಮಚದ ಅಂಚು ಉಗುರಿಗಿಂತ ಎಷ್ಟೋ ವಾಸಿ. ನುಗ್ಗೆಸೊಪ್ಪನ್ನು ಬಿಡಿಸುವ ಗೋಜಿಗೇ ಹೋಗಬೇಡಿ: ಬಟ್ಟೆಯಲ್ಲೋ ಪೇಪರಿನಲ್ಲೋ ಸುತ್ತಿ ರಾತ್ರಿ ಇಟ್ಟು, ಬೆಳಿಗ್ಗೆ ಕೊಡವಿದರೆ ಎಲೆಗಳು ತಾವಾಗಿ ಉದುರಿರುತ್ತವೆ. ವೀಳ್ಯದೆಲೆಗೆ ಕತ್ತರಿಯಲ್ಲಿ ತೊಟ್ಟು ತೆಗೆದು, ಎಲೆಯನ್ನು ನಡುನಾರಿನ ಮೇಲೆ ಹಿಂದಕ್ಕೆ ಮಡಚಿ. ನಾರು ಹೊರಗೆ ಉಬ್ಬುತ್ತದೆ, ಹಿಡಿದು ಎಳೆಯಬಹುದು.

ಹಾಲಿನ ಪ್ಯಾಕೆಟ್ಟಿಗೆ ಕತ್ತರಿ ಹಾಕುವಾಗ ಮೂಲೆಯನ್ನು ಪೂರ್ತಿ ಕತ್ತರಿಸದೆ ಸ್ವಲ್ಪ ಅಂಟಿಕೊಂಡಿರುವಂತೆ ಬಿಡಿ. ಬೇರೆಯಾದ ಆ ಚಿಕ್ಕ ಚೂರು ಸಿಂಕಿನ ಜಾಲರಿಗೆ ಸೇರುತ್ತದೆ, ಇಲ್ಲವೆ ಕಸದಲ್ಲಿ ಯಾರ ಕೈಗೂ ಸಿಗದೆ ಹೋಗುತ್ತದೆ.

ತಿರುಪು, ಕೊಂಡಿ, ಗಂಟು

ಬೆಂಡೋಲೆಯ ತಿರುಪು ಬಿಚ್ಚಲು ಬೇಕಿರುವುದು ಹಿಡಿತ, ಬಲವಲ್ಲ. ತಿರುಪು ಜಾರುವುದು ಚರ್ಮದ ಎಣ್ಣೆಯಿಂದ. ಕೈಯನ್ನೂ ತಿರುಪನ್ನೂ ಒರೆಸಿ, ಹಳೆಯ ಸೈಕಲ್ ಟ್ಯೂಬಿನಿಂದ ಒಂದು ಅಂಗುಲ ಚದರದ ತುಂಡು ಕತ್ತರಿಸಿ ಅದರಲ್ಲಿ ತಿರುಪು ಹಿಡಿಯಿರಿ. ರಬ್ಬರ್ ಕೈಗವಸಿನ ಬೆರಳೂ ಆದೀತು. ಇನ್ನೊಂದು ಕೈಯಲ್ಲಿ ಓಲೆಯ ಮುಂಭಾಗವನ್ನು ಅಲುಗದಂತೆ ಹಿಡಿಯಬೇಕು. ಇಲ್ಲದಿದ್ದರೆ ತಿರುಪಿನ ಜೊತೆ ಕಡ್ಡಿಯೂ ಕಿವಿಯೊಳಗೆ ತಿರುಗಿ ನೋವಾಗುತ್ತದೆ, ತಿರುಪು ಮಾತ್ರ ಬಿಚ್ಚುವುದಿಲ್ಲ. ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿ. ಕೊಳೆ ಕಟ್ಟಿ ಬಿಗಿದಿದ್ದರೆ ಹತ್ತಿ ಕಡ್ಡಿಯಿಂದ ತಿರುಪಿನ ಬುಡಕ್ಕೆ ಮಾತ್ರ ಒಂದು ಹನಿ ಕೊಬ್ಬರಿ ಎಣ್ಣೆ ತಾಗಿಸಿ ಹತ್ತು ನಿಮಿಷ ಬಿಡಿ, ಆಮೇಲೆ ಎಣ್ಣೆ ಒರೆಸಿ ರಬ್ಬರಿನಲ್ಲಿ ಹಿಡಿಯಿರಿ. ಹಿಂಬದಿ ಮುಚ್ಚಿದ ಕಲ್ಲಿನ ಓಲೆಯಾದರೆ ಎಣ್ಣೆ, ಬಿಸಿನೀರು ಕಲ್ಲಿನ ಕಡೆ ಹೋಗಬಾರದು. ಒಳಗೆ ಇಳಿದರೆ ಕಲ್ಲು ಮಂಕಾಗುತ್ತದೆ. ಇಕ್ಕಳ ಹಾಕಿದರೆ ಮೆತ್ತನೆಯ ಚಿನ್ನದ ಕಡ್ಡಿ ಬಾಗಿ, ಅದರ ಮೇಲಿನ ಮರೆ (ತಿರುಪು ಕೂರುವ ಸುತ್ತುಗೆರೆ) ಸವೆಯುತ್ತದೆ. ರಬ್ಬರಿಗೂ ಜಗ್ಗದಿದ್ದರೆ ಅಕ್ಕಸಾಲಿಗರ ಹತ್ತಿರ ಹೋಗುವುದೇ ಅಗ್ಗ.

ಮತ್ತೆ ಹಾಕುವಾಗ ಮೊದಲು ತಿರುಪನ್ನು ಕಡ್ಡಿಯ ತುದಿಗೆ ಒತ್ತಿ ಹಿಂದಕ್ಕೆ ತಿರುಗಿಸಿ. ಮರೆಗೆ ಮರೆ ಕೂತಾಗ ಬೆರಳಿಗೆ ಸಣ್ಣದೊಂದು ‘ಟಿಕ್’ ತಿಳಿಯುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಓರೆಯಾಗಿ ಹತ್ತುವುದಿಲ್ಲ. ಇಡೀ ಕೆಲಸವನ್ನು ಹಾಸಿಗೆಯ ಮೇಲೆ ಟವೆಲ್ ಹಾಸಿಕೊಂಡು ಮಾಡಿ. ಬಚ್ಚಲಲ್ಲಿ ಬಿದ್ದ ತಿರುಪು ಸಿಕ್ಕಿತೆಂಬ ಕಥೆ ಅಪರೂಪ.

ಕೈಗೆ ಬ್ರೇಸ್‌ಲೆಟ್ ಒಬ್ಬರೇ ಹಾಕಿಕೊಳ್ಳಲು ಪೇಪರ್ ಕ್ಲಿಪ್ಪನ್ನು ಬಿಡಿಸಿ ಎರಡು ತುದಿಯಲ್ಲೂ ಕೊಕ್ಕೆ ಮಾಡಿ. ಒಂದು ಕೊಕ್ಕೆಗೆ ಸರಪಣಿಯ ತುದಿಯ ಉಂಗುರ ಸಿಕ್ಕಿಸಿ, ಇನ್ನೊಂದನ್ನು ಅದೇ ಕೈಯ ಅಂಗೈಯಲ್ಲಿ ಮುಚ್ಚಿ ಹಿಡಿದರೆ ಇನ್ನೊಂದು ಕೈ ಕೊಂಡಿ ತೆರೆಯಲು ಬಿಡುವಾಗುತ್ತದೆ. ರವಿಕೆಯ ಬಿಗಿಯಾದ ಹುಕ್ಕನ್ನು ಕ್ರೋಷಾ ಕಡ್ಡಿಯಿಂದ ಎಳೆದು ಬಿಡಿಸಬಹುದು.

ತರಕಾರಿಯವರು ಬಿಗಿದುಕೊಟ್ಟ ಪ್ಲಾಸ್ಟಿಕ್ ಚೀಲದ ಗಂಟಿಗೆ ಸಾಧನವೇ ಬೇಡ. ಗಂಟಿನಿಂದ ಹೊರಬಂದ ಒಂದು ಬಾಲವನ್ನು ಬತ್ತಿಯ ಹಾಗೆ ಹೊಸೆಯಿರಿ, ತೆಳ್ಳಗೆ, ಗಟ್ಟಿಯಾಗುತ್ತದೆ. ಅದನ್ನು ಎಳೆಯುವ ಬದಲು ಗಂಟಿನೊಳಕ್ಕೆ ತಳ್ಳಿ, ಗಂಟು ಸಡಿಲವಾಗುತ್ತದೆ. ದಾರದ ಗಂಟಿಗೆ ಫೋರ್ಕಿನ ಹಲ್ಲು ಅಥವಾ ದಪ್ಪ ಸೂಜಿ ನಡುವೆ ತೂರಿಸಿ ಅತ್ತಿತ್ತ ಆಡಿಸಿ. ಒದ್ದೆಯಾದ ಹತ್ತಿ ದಾರ ಉಬ್ಬಿ ಬಿಗಿಯುತ್ತದೆ, ಒಣಗಲು ಬಿಡಿ. ತೆಳು ಚಿನ್ನದ ಸರ ಗಂಟಾಗಿದ್ದರೆ ತಟ್ಟೆಯಲ್ಲಿಟ್ಟು ಚಿಟಿಕೆ ಪೌಡರ್ ಉದುರಿಸಿ ಎರಡು ಸೂಜಿಗಳಿಂದ ನಡುವಿನಿಂದ ಹೊರಕ್ಕೆ ಬಿಡಿಸಿ, ತುದಿ ಹಿಡಿದು ಎಳೆಯಬೇಡಿ. ಅಕ್ಕಿ ಮೂಟೆಯ ಹೊಲಿಗೆ ಸರಪಳಿ ಹೊಲಿಗೆ. ಒಂದು ತುದಿಯಿಂದ ಎಳೆದರೆ ಸರ್ರನೆ ಬಿಚ್ಚುತ್ತದೆ, ಇನ್ನೊಂದರಿಂದ ಬಿಗಿಯುತ್ತದೆ. ಒಂದೆರಡು ಸಲ ಎಳೆದರೂ ಬಾರದಿದ್ದರೆ ಒದ್ದಾಡದೆ ಎದುರು ತುದಿಗೆ ಹೋಗಿ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎನ್ನುವುದು ಇಲ್ಲಿಗೆ ಬೇಡ. ಓರೆ ತುದಿಯ ಚಿಮಟವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಮುಳ್ಳು ಹೊಕ್ಕ ಓರೆಯಲ್ಲೇ ಹಿಂದಕ್ಕೆ ಎಳೆಯಿರಿ. ನೇರ ಮೇಲಕ್ಕೆತ್ತಿದರೆ ಮುರಿದು ಒಳಗೇ ಉಳಿಯುತ್ತದೆ. ಆಳಕ್ಕೆ ಹೋಗಿದ್ದರೆ ವೈದ್ಯರಿಗೆ ತೋರಿಸಿ.

ಇವನ್ನೆಲ್ಲ ಒಂದು ಹಳೆಯ ಮಾತ್ರೆ ಡಬ್ಬಿಯಲ್ಲಿ ಹಾಕಿಡಬಹುದು: ಕತ್ತರಿಸಿದ ಕಾರ್ಡಿನ ತುಂಡು, ಚಿಮಟ, ಎರಡು ಪೇಪರ್ ಕ್ಲಿಪ್ಪು, ದಪ್ಪ ಸೂಜಿ, ಟ್ಯೂಬಿನ ರಬ್ಬರು. ಕಾರ್ಡಿನ ಒಂದು ಮೂಲೆಯನ್ನು ಉಗುರಿನಂತೆ ದುಂಡಗೆ ಕತ್ತರಿಸಿ, ಅದರ ಅಂಚನ್ನು ಉಜ್ಜುಕಾಗದದಲ್ಲಿ ಒಂದೇ ಬದಿಯಿಂದ ತಿಕ್ಕಿ ತೆಳ್ಳಗೆ ಮಾಡಿ. ಫೋನು, ಪೇಂಟು, ನಾನ್‌ಸ್ಟಿಕ್ ತವಾ ಮುಂತಾದ ಗೀರು ಬೀಳುವ ಜಾಗಗಳಿಗೆ ಲೋಹದ ಬದಲು ಇದನ್ನೇ ಬಳಸಿ. ರಬ್ಬರು ಬೇಸಿಗೆಯಲ್ಲಿ ಬೆವೆತಂತಾಗಿ ಅಂಟುತ್ತದೆ, ಸ್ವಲ್ಪ ಪೌಡರ್ ಹಾಕಿ ಇಟ್ಟು, ಬಳಸುವ ಮೊದಲು ಒರೆಸಿಕೊಳ್ಳಿ.