ಹೈ ಸ್ಟ್ರೀಟಲ್ಲಿ ಅಂಗಡಿ ಇಡೋ ಮುಂಚೆ ಇಷ್ಟು ನೋಡ್ಕೊಳಿ

ಬ್ರಿಟನ್ನಿನ ಊರುಗಳ ಮುಖ್ಯ ಅಂಗಡಿ ಬೀದಿಗಳಾದ ಹೈ ಸ್ಟ್ರೀಟ್‌ಗಳಲ್ಲಿ 2009ಕ್ಕೆ ವೂಲ್ವರ್ತ್ಸ್, 2016ಕ್ಕೆ ಬಿಎಚ್‌ಎಸ್, 2021ಕ್ಕೆ ಡೆಬೆನಮ್ಸ್ ಅಂಗಡಿಗಳು ಬಾಗಿಲು ಹಾಕಿದ್ವು, ಬರೀ ಆನ್‌ಲೈನಿಂದ ಹಿಂಗಾಯ್ತು ಅನ್ಕೋಬೇಡಿ, ಬಾಡಿಗೆ, ಬಿಸಿನೆಸ್ ರೇಟ್ಸೂ (ಅಂಗಡಿ ಜಾಗದ ಮೇಲಿನ ತೆರಿಗೆ) ಜೀವ ಹಿಂಡುತ್ವೆ. ಅದಕ್ಕೇ ಮೊದ್ಲು ರೇಟೆಬಲ್ ವ್ಯಾಲ್ಯೂ (ಆ ತೆರಿಗೆ ಲೆಕ್ಕಕ್ಕೆ ಸರ್ಕಾರ ಜಾಗಕ್ಕೆ ಕಟ್ಟೋ ಮೌಲ್ಯ) ಚೆಕ್ ಮಾಡಿ: ಇಂಗ್ಲೆಂಡಲ್ಲಿ ನಿಮ್ದು ಒಂದೇ ಅಂಗಡಿ ಇದ್ದು ಅದ್ರ ರೇಟೆಬಲ್ ವ್ಯಾಲ್ಯೂ 12,000 ಪೌಂಡ್ ಒಳಗಿದ್ರೆ ರೇಟ್ಸ್ ಪೂರ್ತಿ ಮಾಫಿ, 15,000ದವರೆಗೆ ಒಂಚೂರು ರಿಯಾಯ್ತಿ, ಆದ್ರೆ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ನೀವೇ ಅರ್ಜಿ ಹಾಕ್ಬೇಕು, ಸುಮ್ನೆ ಕೂತ್ರೆ ಯಾರೂ ಕರೆದು ಕೊಡಲ್ಲ!

ಲೀಸಲ್ಲಿ ಬ್ರೇಕ್ ಕ್ಲಾಸ್ (ಅವಧಿ ಮುಗಿಯೋ ಮುಂಚೆನೇ ಲೀಸ್ ಬಿಡೋಕೆ ಅವಕಾಶ ಕೊಡೋ ಷರತ್ತು) ಹಾಕಿಸ್ಕೊಳಿ, ಇಲ್ಲಾಂದ್ರೆ ವ್ಯಾಪಾರ ನಿಂತ್ರೂ ಬಾಡಿಗೆ ಕಟ್ತಾನೇ ಇರ್ಬೇಕು.

ಸಾಮಾನಿನ ಜೊತೆ ಶೂ ರಿಪೇರಿ, ಕೀ ಮಾಡೋದು ಥರ ಕೈಕೆಲ್ಸ ಒಂದಾದ್ರೂ ಇರ್ಲಿ. ಹಿಮ್ಮಡಿ ಸವೆದ ಶೂ ಹಿಡ್ಕೊಂಡು ಜನ ಖುದ್ದು ಬರ್ತಾರೆ, ಕಾಯೋವಾಗ ಲೇಸು, ಪಾಲಿಶು ಅಂತ ಏನಾದ್ರೂ ತಗೋತಾರೆ.