ತುಟಿಗೂ ದನಿಗೂ ಹೊಂದಿಕೆ: ಟರ್ಮಿನಲ್‌ನಲ್ಲಿ ವಿಡಿಯೊ ಪರಿವರ್ತಿಸಿದ ನನ್ನ ಅನುಭವ

ನಾಟಕದ ಕೊನೆಯ ದೃಶ್ಯದಲ್ಲಿ ನಟ ಬಾಯಿ ಮುಚ್ಚಿದ ಮೇಲೆ ಅವನ ಮಾತು ಕೇಳಿಸುತ್ತಿತ್ತು. ಎರಡು ಗಂಟೆಯ ದಾಖಲೆ. ಮೊದಲ ಹತ್ತು ನಿಮಿಷ ಎಲ್ಲವೂ ಸರಿಯಿತ್ತು. ಅರ್ಧ ದಾಟುವಷ್ಟರಲ್ಲಿ ದನಿ ಹಿಂದೆ ಬೀಳತೊಡಗಿ, ಕೊನೆಗೆ ಒಂದು ಸೆಕೆಂಡಿಗೂ ಮಿಕ್ಕಿ ಅಂತರವಾಗಿತ್ತು. ಹೀಗೆ ಒಂದಲ್ಲ ಒಂದು ಕಾಯಿಲೆಯಿದ್ದ ಕಡತಗಳು ನನ್ನ ಬಳಿ ಸುಮಾರು 170 ಇದ್ದವು. ಕೆಲವು ಹಳೆಯ ಡಿವಿ ಕ್ಯಾಮೆರಾದ ಟೇಪಿನಿಂದ ಇಳಿಸಿಕೊಂಡವು, ಬಹುಪಾಲು ಎವಿಸಿಎಚ್‌ಡಿ ಎಂಬ ಬಗೆಯ ಎಚ್‌ಡಿ ಕ್ಯಾಮೆರಾ ಬರೆಯುವ ಎಂಟಿಎಸ್ ಕಡತಗಳ ತುಂಡುಗಳು, ಉಳಿದವು ಫೋನಿನಲ್ಲಿ ಹಿಡಿದವು.

"ಟರ್ಮಿನಲ್‌ನಲ್ಲಿ ಆಜ್ಞೆ ಟೈಪಿಸುತ್ತ ಕೂತು ಇದನ್ನು ಸರಿಪಡಿಸಲು ಆಗದು. ಸಂಕಲನ ತಂತ್ರಾಂಶದ ಟೈಮ್‌ಲೈನಿಗೆ ಹಾಕಿ ಹತ್ತು ನಿಮಿಷಕ್ಕೊಮ್ಮೆ ಕತ್ತರಿಸಿ ಎಳೆಯುವುದೊಂದೇ ದಾರಿ" ಎಂದು ಸಂಕಲನದಲ್ಲಿ ಪಳಗಿದ ಗೆಳೆಯರಿಬ್ಬರು ಖಡಾಖಂಡಿತವಾಗಿ ಹೇಳಿದ್ದರು. ಈಗ ಒಂದನ್ನು ಬಿಟ್ಟು ಮಿಕ್ಕೆಲ್ಲವೂ ಮೊದಲಿನಿಂದ ಕೊನೆಯವರೆಗೆ ಹೊಂದಿಕೊಂಡಿವೆ. ಹೊಂದಿಸಲು ಬಳಸಿದ್ದು ಎಫ್‌ಎಫ್‌ಎಂಪೆಗ್ ಎಂಬ, ಆಜ್ಞೆಗಳಿಂದ ವಿಡಿಯೊ ಪರಿವರ್ತಿಸುವ ತಂತ್ರಾಂಶ ಒಂದನ್ನೇ, ಅದೂ ಎಂಟು ವರ್ಷದ ಹಳೆಯ ಲ್ಯಾಪ್‌ಟಾಪಿನಲ್ಲಿ.

ಮೊದಲು ಹಣ ಕಳೆದುಕೊಂಡ ಕಥೆ. ಒಂದೇ ಗುಂಡಿಯಲ್ಲಿ ಎಲ್ಲವನ್ನೂ ಪರಿವರ್ತಿಸುವ ತಂತ್ರಾಂಶವೊಂದನ್ನು ಹಣ ತೆತ್ತು ಕೊಂಡೆ. ಇಂಟರ್‌ಲೇಸ್ ಆದ, ಅಂದರೆ ಬೆಸ ಗೆರೆ ಸಮ ಗೆರೆಗಳನ್ನು ಬೇರೆಬೇರೆ ಗಳಿಗೆಯಲ್ಲಿ ಹಿಡಿದ ಚಿತ್ರವನ್ನು ಅದು ಹಾಗೆಯೇ ಪ್ರೋಗ್ರೆಸಿವ್, ಅಂದರೆ ಒಂದೇ ಗಳಿಗೆಯ ಪೂರ್ಣ ಚಿತ್ರ ಎಂದು ಬರೆದುಬಿಟ್ಟಿತು. ಕೈ ಬೀಸಿದಾಗಲೆಲ್ಲ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳು ಮೂಡಿದವು. ಆಮೇಲೆ ಯಾರದೋ ಸಲಹೆಯಂತೆ ಎಲ್ಲವನ್ನೂ ಸಂಕಲನಕ್ಕೆಂದೇ ಇರುವ ಪ್ರೋರೆಸ್ ರೂಪಕ್ಕೆ ಮಾಡಿಕೊಳ್ಳಲು ಹೊರಟೆ. ಡಿವಿ ಗಂಟೆಗೆ 13 ಜಿಬಿಯಷ್ಟೇ ಹಿಡಿಯುತ್ತದೆ. ಎಚ್‌ಡಿ ಪ್ರೋರೆಸ್ ಗಂಟೆಗೆ 50 ಜಿಬಿ ದಾಟಿತು. ಡಿಸ್ಕ್ ತುಂಬಿತು, ಇನ್ನೊಂದು ಡಿಸ್ಕ್ ಕೊಂಡೆ, ಅದೂ ತುಂಬಿತು. ದನಿ ಮಾತ್ರ ಅಲ್ಲಿಯೂ ಹಿಂದೆಯೇ ಉಳಿಯಿತು. ಎರಡು ಖರ್ಚನ್ನೂ ಕೂಡಿಸಿದರೆ ಲ್ಯಾಪ್‌ಟಾಪಿಗೆ ಹೊಸ ಮೆಮೊರಿಯೂ ಬ್ಯಾಟರಿಯೂ ಬರುತ್ತಿದ್ದವು.

ಆಮೇಲೆ ಎಫ್‌ಎಫ್‌ಎಂಪೆಗ್ ಹಿಡಿದು, ಕಡತಗಳ ಪಟ್ಟಿಯನ್ನು ಒಂದೊಂದಾಗಿ ಅದಕ್ಕೆ ಕೊಡುವ ಶೆಲ್ ಲೂಪ್ ಬರೆದು ರಾತ್ರಿಯಿಡೀ ಓಡಲು ಬಿಟ್ಟೆ. ಬೆಳಿಗ್ಗೆ ನೋಡಿದರೆ ಮೊದಲ ಕಡತ ಮಾತ್ರ ಮುಗಿದಿತ್ತು. ಉಳಿದವುಗಳಿಗೆ "ಅಂಥ ಕಡತವಿಲ್ಲ" ಎಂಬ ದೂರು, ಹೆಸರುಗಳ ಮೊದಲ ಅಕ್ಷರಗಳೇ ಮಾಯ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು: ಎಫ್‌ಎಫ್‌ಎಂಪೆಗ್ ಓಡುವಾಗ ಕೀಲಿಮಣೆಯ ಆಜ್ಞೆಗೆ ಕಾಯುತ್ತಿರುತ್ತದೆ, ಲೂಪಿಗೆಂದು ಕೊಟ್ಟ ಪಟ್ಟಿಯನ್ನು ಅದೇ ನುಂಗುತ್ತಿತ್ತು. "ನೋ ಎಸ್‌ಟಿಡಿಇನ್" ಆಯ್ಕೆಯೊಂದನ್ನು ಸೇರಿಸಿದ್ದೇ ತಡ, ಲೂಪ್ ಕೊನೆಯವರೆಗೂ ಓಡಿತು.

ಫೋನಿನ ಕಡತಗಳು ನನ್ನನ್ನು ಹೆಚ್ಚು ಕಾಡಿದವು. ರಂಗದ ಬೆಳಕು ಕುಗ್ಗಿದಾಗ ಫೋನು ತಾನಾಗಿಯೇ ಫ್ರೇಮ್ ದರ (ಸೆಕೆಂಡಿಗೆ ಹಿಡಿಯುವ ಚಿತ್ರಗಳ ಸಂಖ್ಯೆ) ಇಳಿಸುತ್ತದೆ. ಎಫ್‌ಎಫ್‌ಎಂಪೆಗ್ ಜೊತೆ ಬರುವ, ಕಡತದ ವಿವರ ತೋರಿಸುವ ಎಫ್‌ಎಫ್‌ಪ್ರೋಬ್‌ನಲ್ಲಿ ಘೋಷಿತ ದರ 30, ಸರಾಸರಿ 28.5ರ ಆಸುಪಾಸು. ನಾನು ಮಾಡಿದ ತಪ್ಪೆಂದರೆ ದರವನ್ನು ಹೇಳುವ "ಆರ್ 30" ಎಂಬುದನ್ನು ಇನ್‌ಪುಟ್ ಕಡತದ ಹೆಸರಿಗೆ ಮೊದಲೇ ಬರೆದದ್ದು. ಅಲ್ಲಿ ಬರೆದರೆ ಯಾವ ಫ್ರೇಮು ಯಾವಾಗ ಬರಬೇಕೆಂದು ಹೇಳುವ, ಕಡತದೊಳಗಿನ ಕಾಲಮುದ್ರೆಗಳನ್ನೆಲ್ಲ ಬದಿಗೊತ್ತಿ, ಪ್ರತಿ ಫ್ರೇಮಿಗೂ ಸಮಾನ ಕಾಲ ಹಂಚುತ್ತದೆ. ಅರ್ಧ ಗಂಟೆಯ ದೃಶ್ಯ ಒಂದೂವರೆ ನಿಮಿಷ ಮೊದಲೇ ಮುಗಿದುಹೋಯಿತು! ಅದನ್ನೇ ಇನ್‌ಪುಟ್‌ನ ನಂತರಕ್ಕೆ ಸರಿಸಿ, "ಎಫ್‌ಪಿಎಸ್ ಮೋಡ್" ಅನ್ನು ಸಿಎಫ್‌ಆರ್ (ಬದಲಾಗದ ಫ್ರೇಮ್ ದರ) ಮಾಡಿದಾಗ ಕಾಲಮುದ್ರೆಗಳು ಉಳಿದವು, ಕೊರತೆಯಿದ್ದ ಕಡೆ ಫ್ರೇಮುಗಳು ಮರುಕಳಿಸಿ ತುಂಬಿಕೊಂಡವು. ಆಡಿಯೊದ ಸಣ್ಣಪುಟ್ಟ ಬಿರುಕುಗಳನ್ನು ತುಂಬಲು ಎರೀಸ್ಯಾಂಪಲ್ ಎಂಬ ಆಡಿಯೊ ಫಿಲ್ಟರಿನಲ್ಲಿ ಅಸಿಂಕ್ 1 ಎಂದು ಕೊಟ್ಟೆ. ಎಫ್‌ಎಫ್‌ಎಂಪೆಗ್‌ನ ಹಳೆಯ ಆವೃತ್ತಿ ಇಟ್ಟುಕೊಂಡಿರುವವರಿಗೆ ಎಫ್‌ಪಿಎಸ್ ಮೋಡ್‌ನ ಕೆಲಸ "ವಿಸಿಂಕ್" ಹೆಸರಿನಲ್ಲಿ ಸಿಗುತ್ತದೆ, 5.1ರಿಂದ ಹೆಸರು ಬದಲಾಗಿದೆ.

ಫ್ರೇಮ್ ದರ 29.97 ಎಂದಿರುವ ಕಡತವನ್ನು 30 ಎಂದುಕೊಂಡು ಬರೆಯಬೇಡಿ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗಂಟೆಗೆ 3.6 ಸೆಕೆಂಡು ತಪ್ಪುತ್ತದೆ. 30000/1001 ಎಂದು ಭಿನ್ನರಾಶಿಯಲ್ಲೇ ಬರೆಯಿರಿ.

ಎಂಟಿಎಸ್ ತುಂಡುಗಳಲ್ಲಿ ನಾನು ಪಾಠ ಕಲಿತದ್ದು ಜೋಡಣೆಯ ಜಾಗದಲ್ಲಿ. ಪ್ರತಿ ತುಂಡನ್ನೂ ಬೇರೆಬೇರೆ ಎನ್‌ಕೋಡ್ ಮಾಡಿ (ಹೊಸ ರೂಪದಲ್ಲಿ ಕುಗ್ಗಿಸಿ ಬರೆದು) ಆಮೇಲೆ ಸೇರಿಸಿದೆ. ಪ್ರತಿ ಬೆಸುಗೆಯಲ್ಲೂ "ಟಕ್" ಎಂಬ ಸದ್ದು, ಏಕೆಂದರೆ ದನಿಯನ್ನು ಕುಗ್ಗಿಸುವ ಎಎಸಿ ತನ್ನ ಆರಂಭಕ್ಕೊಂದಿಷ್ಟು ಮೌನ ಸೇರಿಸಿಕೊಳ್ಳುತ್ತದೆ. ಕ್ಯಾಮೆರಾ ತಾನೇ ತುಂಡರಿಸಿದ ಒಂದೇ ಹರಿವು ಅದು. ಬೈಟ್‌ಗೆ ಬೈಟ್ ಜೋಡಿಸಿ, ಒಮ್ಮೆ ಮಾತ್ರ ಎನ್‌ಕೋಡ್ ಮಾಡಿದಾಗ ಬೆಸುಗೆ ಎಲ್ಲಿದೆಯೆಂದು ನನಗೇ ಹುಡುಕಲಾಗಲಿಲ್ಲ. ಇಂಟರ್‌ಲೇಸ್ ಬಿಡಿಸಿ ಪೂರ್ಣ ಚಿತ್ರ ಮಾಡಲು ಯಾಡಿಫ್ ಎಂಬ ಫಿಲ್ಟರ್ ಬಿಟ್ಟು ಬಿಡಬ್ಲ್ಯೂಡಿಐಎಫ್ ಹಿಡಿದೆ. ಸೆಕೆಂಡಿಗೆ 50 ಫ್ರೇಮು ಬಂದವು, ನೃತ್ಯದ ಹೆಜ್ಜೆ ಹೆಜ್ಜೆಯೂ ನುಣುಪಾಯಿತು. ಡಿವಿಯಲ್ಲಿ ಕೆಳಗಿನ ಫೀಲ್ಡ್ (ಇಂಟರ್‌ಲೇಸ್ ಚಿತ್ರದ ಅರ್ಧದಷ್ಟು ಗೆರೆಗಳ ಗುಂಪು) ಮೊದಲು ಬರುತ್ತದೆ. ನಾಲ್ಕೈದು ಕಡತಗಳಲ್ಲಿ ಆ ಗುರುತೇ ತಪ್ಪಾಗಿ, ಚಲನೆ ಹಿಂದೆ ಮುಂದೆ ತುಯ್ಯುತ್ತಿತ್ತು. ಐಡೆಟ್ ಫಿಲ್ಟರಿನಿಂದ ಪರೀಕ್ಷಿಸಿ, ಸೆಟ್‌ಫೀಲ್ಡ್ ಫಿಲ್ಟರಿನಿಂದ ತಿದ್ದಿದೆ.

ಈಗ ಮೊದಲು ಹೇಳಿದ ನಾಟಕದ ವಿಷಯ. ಅದರ ದನಿ ಬೇರೆ ರೆಕಾರ್ಡರಿನಲ್ಲಿತ್ತು. ಎರಡು ಯಂತ್ರಗಳ ಗಡಿಯಾರಗಳು ಎಂದೂ ಒಂದೇ ವೇಗದಲ್ಲಿ ಓಡುವುದಿಲ್ಲ. ಆರಂಭದ ಒಂದು ಗಟ್ಟಿ ಸದ್ದು ಮತ್ತು ಕೊನೆಯ ಚಪ್ಪಾಳೆಯ ಮೊದಲ ಏಟು, ಇವೆರಡರ ನಡುವಿನ ಕಾಲವನ್ನು ಕ್ಯಾಮೆರಾದ ಒರಟು ದನಿಯಲ್ಲೂ ರೆಕಾರ್ಡರಿನಲ್ಲೂ ಅಳೆದೆ. ನೆನಪಿನಂತೆ ಕ್ಯಾಮೆರಾದಲ್ಲಿ 6912 ಸೆಕೆಂಡು, ರೆಕಾರ್ಡರಿನಲ್ಲಿ 6913.1. ಭಾಗಿಸಿದರೆ 1.00016. ಅದನ್ನೇ ದನಿಯ ವೇಗ ಬದಲಿಸುವ ಎಟೆಂಪೋ ಫಿಲ್ಟರಿಗೆ ಕೊಟ್ಟೆ, ಅಷ್ಟೇ. ಕತ್ತರಿ ಹಾಕುವುದೇ ಬೇಡವಾಯಿತು. ಹತ್ತು ನಿಮಿಷಕ್ಕೊಮ್ಮೆ ಕತ್ತರಿಸುವ ಗೆಳೆಯರು ಈ ಕಡತವನ್ನು ಎರಡು ಸಲ ನೋಡಿ ಸುಮ್ಮನಾದರು. ಅದೇ ರೆಕಾರ್ಡರಿನ ಇನ್ನೂ ನಲವತ್ತು ಕಡತಗಳಲ್ಲಿ ಆ ಎರಡು ಸದ್ದುಗಳನ್ನು ಕೈಯಿಂದ ಹುಡುಕದೆ ಸ್ಕ್ರಿಪ್ಟಿನಿಂದಲೇ ಪತ್ತೆ ಮಾಡುವ ಉಪಾಯ ಒಂದಿದೆ. ಅದಕ್ಕೆ ಮೂರು ವಾರ ಬೆವರು ಹರಿಸಿದ್ದೇನೆ, ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ನಡುವೆ ವಿಡಿಯೊವನ್ನು ಇನ್ನಷ್ಟು ಕುಗ್ಗಿಸುವ ಎಕ್ಸ್265 ಎನ್‌ಕೋಡರಿನ ಹುಚ್ಚು ಹತ್ತಿತ್ತು. ಗಾತ್ರ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು, ಸಮಯ ನಾಲ್ಕೈದು ಪಟ್ಟು ಏರಿತು, ಮನೆಯ ಟಿವಿ ಅದನ್ನು ತೆರೆಯಲೇ ಇಲ್ಲ. ಕಡತದಲ್ಲಿ ಎಚ್‌ವಿಸಿ1 ಎಂಬ ಟ್ಯಾಗ್ ಇಲ್ಲದಿದ್ದರೆ ಆಪಲ್ ಯಂತ್ರಗಳ ಸ್ವಂತ ಪ್ಲೇಯರಿನಲ್ಲಿ ತೆರೆಯದು ಎಂಬುದೂ ಆಗಲೇ ಗೊತ್ತಾಯಿತು. ಗೆಳೆಯರೊಬ್ಬರ ಗ್ರಾಫಿಕ್ಸ್ ಕಾರ್ಡಿನಲ್ಲೂ ಪ್ರಯತ್ನಿಸಿದೆ: ವೇಗ ಅದ್ಭುತ, ಆದರೆ ಅದೇ ಸ್ಪಷ್ಟತೆಗೆ ಕಡತ ದಪ್ಪ. ಮರಳಿ ಅದಕ್ಕಿಂತ ಹಳೆಯ ಎಕ್ಸ್264ಕ್ಕೆ ಬಂದು, ಗುಣಮಟ್ಟ ನಿರ್ಧರಿಸುವ ಸಿಆರ್‌ಎಫ್ ಸಂಖ್ಯೆಯನ್ನು 19ಕ್ಕೆ ಇಟ್ಟು ನಿಂತೆ. ಕತ್ತಲೆಯ ದೃಶ್ಯಗಳಲ್ಲಿ ಪಟ್ಟೆ ಪಟ್ಟೆಯಾಗಿ ಒಡೆಯುತ್ತಿದ್ದ ಹಿನ್ನೆಲೆಗೆ, ಕತ್ತಲೆಯ ಭಾಗಗಳಿಗೆ ಹೆಚ್ಚು ಡೇಟಾ ಕೊಡುವ ಎಕ್ಯೂ ಮೋಡ್ 3 ಮದ್ದಾಯಿತು. ಅದರ ಬಲಕ್ಕೆ ನಾನು ಕೊಟ್ಟ ಸಂಖ್ಯೆಯನ್ನು ಮಾತ್ರ ನೀವೇ ಪ್ರಯೋಗಿಸಿ ಕಂಡುಕೊಳ್ಳಿ.

ಕೊನೆಗೆ ಉಳಿದಿದ್ದ ಎರಡು ಕಡತಗಳು "ಮೂವ್ ಆಟಮ್ (ಕಡತದ ಸೂಚಿ) ಸಿಗಲಿಲ್ಲ" ಎಂದು ಬಾಗಿಲು ಮುಚ್ಚಿದ್ದವು. ದಾಖಲಿಸುತ್ತಿರುವಾಗಲೇ ಫೋನು ಆರಿಹೋಗಿ ಸೂಚಿ ಬರೆಯುವುದು ನಿಂತಿತ್ತು. ಅದೇ ಫೋನಿನ ಆರೋಗ್ಯವಂತ ಕಡತವೊಂದನ್ನು ಮಾದರಿಯಾಗಿ ಕೊಟ್ಟು, ಮುರಿದ ಕಡತ ರಿಪೇರಿ ಮಾಡುವ ಅನ್‌ಟ್ರಂಕ್ ಎಂಬ ಉಪಕರಣದಿಂದ ಮೊನ್ನೆ ಒಂದನ್ನು ತೆರೆದೆ. 22 ನಿಮಿಷದ ದೃಶ್ಯ, ದನಿಯ ಸಮೇತ ಬಂತು. ಇನ್ನೊಂದನ್ನು ಹಿಡಿದ ಫೋನಿನಿಂದ ಬಂದ ಬೇರೆ ಕಡತ ನನ್ನ ಬಳಿ ಒಂದೂ ಇಲ್ಲ. ಅದನ್ನು ಚಿತ್ರೀಕರಿಸಿದವರನ್ನು ಕೇಳಿದ್ದೇನೆ, ಹಳೆಯ ಮೆಮೊರಿ ಕಾರ್ಡುಗಳನ್ನು ಹುಡುಕುತ್ತಿದ್ದಾರೆ.