ಕಾರು ಹೊರುವ ಟ್ರೈಲರ್‌ಗೆ ಸಸ್ಪೆನ್ಷನ್ ಬೇಕಾ? ಕಬ್ಬಿಣ ಕತ್ತರಿಸುವ ಮೊದಲು ಲೆಕ್ಕ ಹಾಕಿ

“ಮೇಲೆ ಕೂರೋ ಜಿಪ್ಸಿಗೇ ನಾಲ್ಕೂ ಕಡೆ ಪಟ್ಟಿ ಇದೆಯಲ್ಲ ಸರ್, ಕೆಳಗಡೆ ಟ್ರೈಲರ್‌ಗೆ ಇನ್ನೊಂದು ಸೆಟ್ ಯಾಕೆ ದಂಡ?”

ವೆಲ್ಡಿಂಗ್ ಶಾಪ್‌ನ ಹುಡುಗ ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಮಾರುತಿ ಜಿಪ್ಸಿಯ ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿ, ಇರುವುದು ನಿಜ. ಟ್ರೈಲರ್‌ಗೆ ಸ್ಪ್ರಿಂಗ್ ಬಿಟ್ಟರೆ ದುಡ್ಡು ಉಳಿಯುತ್ತದೆ, ಡೆಕ್ ತಗ್ಗಿನಲ್ಲಿರುತ್ತದೆ, ಗಾಡಿ ಹತ್ತಿಸುವುದೂ ಸುಲಭ. ಸರಿ ಅಂದೆ. ಚಕ್ರ ಕೂರುವ ಎರಡೂ ಆಕ್ಸಲ್ಲನ್ನು ಸೀದಾ ಟ್ರೈಲರ್‌ನ ಚಾಸಿಗೇ (ಅಡಿಯ ಕಬ್ಬಿಣದ ಚೌಕಟ್ಟಿಗೇ) ಬೆಸೆದುಬಿಟ್ಟರು. ಹಾಸನದಿಂದ ಸಕಲೇಶಪುರದ ಕಡೆ ಆಫ್‌ರೋಡ್ ಓಡಿಸಲು ಜಿಪ್ಸಿ ಹೇರಿಕೊಂಡು ಹೊರಟ ಮೂರನೇ ಸಲ, ಟೀ ಕುಡಿಯಲು ನಿಲ್ಲಿಸಿ ನೋಡಿದರೆ ಟ್ರೈಲರ್‌ನ ಮುಂದಿನ ಎಡ ಟೈರಿನ ಪಕ್ಕ ನಿಂಬೆಹಣ್ಣಿನಷ್ಟು ಉಬ್ಬಿತ್ತು. ಬಗ್ಗಿ ನೋಡಿದೆ. ಆಕ್ಸಲ್ ಬೆಸೆದ ಜಾಗದಲ್ಲಿ ಚಾಸಿಯ ಚಾನೆಲ್‌ಗೆ (ಉದ್ದನೆಯ ಕಬ್ಬಿಣದ ತೊಲೆಗೆ) ಕೂದಲೆಳೆಯಷ್ಟು ಬಿರುಕು.

ಜಿಪ್ಸಿಗೆ ಏನೂ ಆಗಿರಲಿಲ್ಲ. ಆ ಹುಡುಗ ಹೇಳಿದ್ದು ಜಿಪ್ಸಿಯ ಮಟ್ಟಿಗೆ ಸರಿಯೇ. ಕಾರಿನ ಸ್ಪ್ರಿಂಗ್ ಕಾರನ್ನು ಕಾಪಾಡುತ್ತದೆ. ಅದರ ಕೆಳಗಿರುವ ಡೆಕ್ಕು, ಚಾಸಿ, ಆಕ್ಸಲ್ಲು, ಬೇರಿಂಗು, ಟೈರು ಮಾತ್ರ ರಸ್ತೆಯ ಪ್ರತಿ ಏಟನ್ನೂ ತಾವೇ ತಿನ್ನಬೇಕು. ಈಗ ಮೊದಲಿಂದ ಬರೋಣ.

ಹೆಜ್ಜೆ 1: ಎಷ್ಟು ಸ್ಪೀಡು, ಯಾವ ರಸ್ತೆ?

ಎಲ್ಲ ಟ್ರೈಲರ್‌ಗೂ ಸಸ್ಪೆನ್ಷನ್, ಅಂದರೆ ಚಕ್ರ ಮತ್ತು ಚಾಸಿ ನಡುವೆ ಸ್ಪ್ರಿಂಗ್, ಬೇಕೇ ಬೇಕು ಅಂತ ನಾನು ಹೇಳುತ್ತಿಲ್ಲ. ಎರಡು ಚಕ್ರದ ಟ್ರ್ಯಾಕ್ಟರ್ ಟ್ರೈಲರ್ ಬಗ್ಗಿ ನೋಡಿ, ಎಷ್ಟೋ ಟ್ರೈಲರ್‌ಗಳಲ್ಲಿ ಸ್ಪ್ರಿಂಗೇ ಇರುವುದಿಲ್ಲ. ಆದರೂ ಟನ್‌ಗಟ್ಟಲೆ ಹೊರುತ್ತವೆ. ಒಂದೇ ಆಕ್ಸಲ್, ದೊಡ್ಡ ಟೈರು, ನಿಧಾನದ ಓಟ, ಹಾಗಾಗಿ ನಡೆಯುತ್ತದೆ. ಹಳೆಯ ಕಾಲದವರಿಗೆ ಇದು ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ: ಎತ್ತಿನ ಗಾಡಿಗೆ ಸ್ಪ್ರಿಂಗ್ ಇಲ್ಲ, ಮೈಸೂರಿನ ಟಾಂಗಾಕ್ಕೆ ಇದೆ. ಎತ್ತಿನ ನಡಿಗೆಗೆ ಬೇಡ, ಕುದುರೆಯ ಓಟಕ್ಕೆ ಬೇಕು.

ಗ್ಯಾರೇಜಿನ ಅಂಗಳದಲ್ಲಿ ಕೆಟ್ಟ ಕಾರನ್ನು ಅತ್ತಿಂದಿತ್ತ ಸಾಗಿಸಲು, ತೋಟದೊಳಗೆ ಟ್ರ್ಯಾಕ್ಟರ್ ಹಿಂದೆ ಎಳೆಯಲು ಬೇಕಾದರೆ ಸುಮ್ನೆ ಖರ್ಚು ಮಾಡಬೇಡಿ. ಕಾರಿನ ಎರಡು ಚಕ್ರ ಮಾತ್ರ ಎತ್ತಿಕೊಂಡು ಹೋಗುವ ಟೋ ಡಾಲಿಗಳಲ್ಲೂ ಕೆಲವಕ್ಕೆ ಸ್ಪ್ರಿಂಗ್ ಇರುವುದಿಲ್ಲ, ಏಕೆಂದರೆ ಅವು ಹೊರುವುದು ಅರ್ಧ ಕಾರನ್ನು ಮಾತ್ರ. ಆದರೆ ಇಡೀ ಕಾರು ಹೇರಿ ಹೆದ್ದಾರಿಯಲ್ಲಿ 60ರಲ್ಲಿ ಹೋಗುವುದಾದರೆ ಸಸ್ಪೆನ್ಷನ್ ಬೇಕು. ನನ್ನ ಮಟ್ಟಿಗೆ ಇದರಲ್ಲಿ ಚರ್ಚೆಯೇ ಇಲ್ಲ. ಬ್ರಿಟನ್ನಿನ 1986ರ ವಾಹನ ನಿಯಮಗಳಂತೂ ಟ್ರೈಲರ್‌ಗೂ ಚಕ್ರ ಮತ್ತು ಚಾಸಿ ನಡುವೆ ತಕ್ಕ ಸ್ಪ್ರಿಂಗ್ ಇರಲೇಬೇಕು ಅನ್ನುತ್ತವೆ. ಹೊಲದ ಕೆಲಸದ ಟ್ರೈಲರ್‌ನಂಥ ಕೆಲವಕ್ಕೆ ಅಲ್ಲಿ ವಿನಾಯಿತಿ ಇದೆ.

ಹೆಜ್ಜೆ 2: ಒಂದೊಂದು ಚಕ್ರದ ಮೇಲೆ ಎಷ್ಟು ಭಾರ?

ಕಾಗದ ಪೆನ್ನು ತಗೊಳ್ಳಿ. ಜಿಪ್ಸಿ ಸುಮಾರು 1,000 ಕೆಜಿ, ಟ್ರೈಲರ್ 600 ಅಂದುಕೊಳ್ಳೋಣ. ಒಟ್ಟು 1,600. ಇದರಲ್ಲಿ ಶೇ 10ರಷ್ಟು, ಅಂದರೆ 160 ಕೆಜಿ, ಎಳೆಯುವ ಗಾಡಿಯ ಹುಕ್ ಮೇಲೆ ಕೂರಬೇಕು. ಹುಕ್ ಮೇಲೆ ಭಾರ ತೀರಾ ಕಡಿಮೆಯಾದರೆ ಟ್ರೈಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ಉಳಿದದ್ದು 1,440. ನಾಲ್ಕು ಚಕ್ರಕ್ಕೆ ಹಂಚಿದರೆ ತಲಾ 360.

ಈಗ ಟೈರಿನ ಪಕ್ಕದಲ್ಲಿರುವ ಲೋಡ್ ಇಂಡೆಕ್ಸ್ ಓದಿ. ಅಳತೆಯ ಕೊನೆಯಲ್ಲಿ 82 ಅಂತಿದ್ದರೆ ಆ ಟೈರ್ 475 ಕೆಜಿ ಹೊರಬಲ್ಲದು. 360 ಹೊರಲು 475ರ ಟೈರ್. ಸಾಕಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಮುಂದೆ 10 ಸೆಂ.ಮೀ. ಎತ್ತರದ ಒಂದು ಹಂಪ್ ಬರುತ್ತದೆ. ಮುಂದಿನ ಆಕ್ಸಲ್ ಅದರ ಮೇಲೆ ಹತ್ತುತ್ತದೆ. ಎರಡೂ ಆಕ್ಸಲ್ ಒಂದೇ ಚಾಸಿಗೆ ಬಿಗಿಯಾಗಿ ಬೆಸೆದಿವೆ, ಹಾಗಾಗಿ ಮುಂದಿನದು ಎದ್ದರೆ ಹಿಂದಿನದೂ ಏಳಬೇಕು. ಟೈರು ಅದುಮಿಕೊಳ್ಳುವುದು ಎರಡು ಮೂರು ಸೆಂ.ಮೀ. ಅಷ್ಟೇ. ಅಂದರೆ ಹಿಂದಿನ ಎರಡು ಚಕ್ರ ಗಾಳಿಯಲ್ಲಿ! ಆ ಕ್ಷಣಕ್ಕೆ 1,440 ಕೆಜಿ ಪೂರ್ತಿ ಎರಡೇ ಚಕ್ರದ ಮೇಲೆ, ತಲಾ ಸುಮಾರು 720. ಟೈರಿನ ಮಿತಿ 475. ಹಿಂದಿನ ಆಕ್ಸಲ್ ಹತ್ತುವಾಗ ಮತ್ತೆ ಇದೇ ಕಥೆ, ಈ ಸಲ ಹಿಂದಿನ ಜೋಡಿಯ ಸರದಿ. ಇದು ನಿಧಾನವಾಗಿ ದಾಟಿದಾಗಿನ ಲೆಕ್ಕ. ವೇಗದಲ್ಲಿ ದಾಟಿದರೆ ಏಟು ಇನ್ನೂ ಜಾಸ್ತಿ. ಊರೂರಿಗೆ ಎಷ್ಟು ಹಂಪ್ ಇದೆ ಅಂತ ನಿಮಗೆ ಗೊತ್ತೇ ಇದೆ.

ಹಂಪ್ ಇಲ್ಲದ ರಸ್ತೆಯಲ್ಲೂ ಪೂರ್ತಿ ನೆಮ್ಮದಿ ಇಲ್ಲ. ಹುಕ್ಕಿನ ಎತ್ತರ ಐದು ಸೆಂ.ಮೀ. ತಗ್ಗಿದರೂ ಸಾಕು, ಬಿಗಿದ ಜೋಡಿ ಆಕ್ಸಲ್‌ನಲ್ಲಿ ಮುಂದಿನ ಒಂದೊಂದು ಚಕ್ರದ ಮೇಲೂ ನೂರು ಕೆಜಿಯಷ್ಟು ಹೆಚ್ಚಿಗೆ ಬೀಳಬಹುದು. ನನ್ನ ಟೈರ್ ಉಬ್ಬಿದ್ದು ಯಾಕೆ ಅಂತ ಈ ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು.

ಬ್ರೇಕಿನ ಕಥೆಯೂ ಇದೇ. ಗಾಳಿಯಲ್ಲಿರುವ ಚಕ್ರಕ್ಕೆ ಎಷ್ಟೇ ಒಳ್ಳೆಯ ಬ್ರೇಕ್ ಇದ್ದರೂ ಪ್ರಯೋಜನವಿಲ್ಲ. 1,600 ಕೆಜಿಯ ಟ್ರೈಲರ್‌ಗೆ ತನ್ನದೇ ಬ್ರೇಕ್ ಬೇಕು, ಇದನ್ನು ಬೇರೆ ಹೇಳಬೇಕಾಗಿಲ್ಲ.

“ಟೈರೂ ಒಂದು ಸ್ಪ್ರಿಂಗೇ ಅಲ್ವಾ, ಗಾಳಿ ಸ್ವಲ್ಪ ಕಡಿಮೆ ಹಾಕಿದರೆ ಆಯ್ತು” ಅನ್ನುವವರೂ ಇದ್ದಾರೆ. ಟೈರು ಸ್ಪ್ರಿಂಗ್ ಹೌದು, ಆದರೆ ಚೆಂಡಿನಂಥ ಸ್ಪ್ರಿಂಗ್. ಕುಣಿಯಲು ಶುರುವಾದರೆ ಬೇಗ ನಿಲ್ಲುವುದಿಲ್ಲ. ಲೀಫ್ ಸ್ಪ್ರಿಂಗ್‌ನಲ್ಲಿ ಪಟ್ಟಿಗಳು ಒಂದರ ಮೇಲೊಂದು ಉಜ್ಜಿಕೊಂಡು ಆ ಕುಣಿತವನ್ನು ತಾವೇ ತಿನ್ನುತ್ತವೆ. ಅದಕ್ಕೇ ಎಷ್ಟೋ ಟ್ರೈಲರ್‌ಗಳು ಶಾಕ್ ಅಬ್ಸಾರ್ಬರ್ ಇಲ್ಲದೆಯೂ ಓಡುತ್ತವೆ. ಇನ್ನು ಭಾರ ಹೊತ್ತ ಟೈರಿನ ಗಾಳಿ ಇಳಿಸಿದರೆ ಅದು ಬಿಸಿಯಾಗುತ್ತದೆ, ಬಿಸಿಯಾದರೆ ಸಿಡಿಯುತ್ತದೆ. ದಯವಿಟ್ಟು ಆ ಪ್ರಯೋಗ ಬೇಡ.

ಹೆಜ್ಜೆ 3: ಯಾವುದು ಹಾಕಿಸುವುದು?

ನಮ್ಮ ಕಡೆ ಸಿಗುವುದು, ರಿಪೇರಿ ಆಗುವುದು ಲೀಫ್ ಸ್ಪ್ರಿಂಗ್, ಅದೇ ಪಟ್ಟಿ. ಎರಡು ಆಕ್ಸಲ್ ಇದ್ದರೆ ಒಂದು ಬದಿಯ ಮುಂದಿನ ಪಟ್ಟಿಯ ಬಾಲ ಮತ್ತು ಹಿಂದಿನ ಪಟ್ಟಿಯ ತಲೆ ಎರಡನ್ನೂ ಒಂದು ತೂಗುವ ತುಂಡಿಗೆ ಸೇರಿಸುತ್ತಾರೆ. ಅದಕ್ಕೆ ಈಕ್ವಲೈಜರ್ ಅಂತ ಹೆಸರು. ನಡುವೆ ಪಿನ್ನು, ತಕ್ಕಡಿಯ ಹಾಗೆ ಆಡುತ್ತದೆ. ಮುಂದಿನ ಚಕ್ರ ಹಂಪ್ ಹತ್ತಿದರೆ ಅದು ವಾಲಿ ಹಿಂದಿನ ಚಕ್ರವನ್ನು ಕೆಳಕ್ಕೆ ಒತ್ತುತ್ತದೆ. ಭಾರ ನಾಲ್ಕೂ ಚಕ್ರಕ್ಕೆ ಹೆಚ್ಚು ಕಡಿಮೆ ಸಮವಾಗಿಯೇ ಉಳಿಯುತ್ತದೆ. ಎರಡು ಆಕ್ಸಲ್‌ನ ಟ್ರೈಲರ್‌ನಲ್ಲಿ ನಾನು ದುಡ್ಡು ಕೊಡುವುದು ಪಟ್ಟಿಗಿಂತ ಹೆಚ್ಚಾಗಿ ಈ ಸಣ್ಣ ತುಂಡಿಗೆ.

ಇನ್ನೊಂದು ಟಾರ್ಷನ್ ಆಕ್ಸಲ್. ಚೌಕ ಪೈಪಿನೊಳಗೆ ರಬ್ಬರ್ ಕೂರಿಸಿರುತ್ತಾರೆ, ಚಕ್ರ ಮೇಲೆದ್ದರೆ ಆ ರಬ್ಬರ್ ಅದುಮಿಕೊಳ್ಳುತ್ತದೆ. ಸದ್ದಿಲ್ಲ, ಡೆಕ್ಕೂ ತಗ್ಗಿಗೆ ಬರುತ್ತದೆ. ಆದರೆ ಎರಡು ಆಕ್ಸಲ್ ಹಾಕಿದರೆ ಒಂದಕ್ಕೊಂದು ಭಾರ ಹಂಚಿಕೊಳ್ಳುವುದಿಲ್ಲ, ಟ್ರೈಲರ್ ಯಾವಾಗಲೂ ಮಟ್ಟವಾಗಿಯೇ ಇರಬೇಕು. ರಬ್ಬರ್ ಹೋದರೆ ಹಳ್ಳಿಯ ಗ್ಯಾರೇಜಿನಲ್ಲಿ ಏನೂ ಮಾಡುವ ಹಾಗಿಲ್ಲ. ಏರ್ ಸಸ್ಪೆನ್ಷನ್ ಒಂದು ಕಾರಿನ ಟ್ರೈಲರ್‌ಗೆ ಅತಿಯಾಯಿತು.

ಹೆಜ್ಜೆ 4: ಪಟ್ಟಿ ಎಷ್ಟು ಗಟ್ಟಿ ಇರಬೇಕು?

ಇಲ್ಲೇ ಹೆಚ್ಚಿನವರು ಎಡವುವುದು. ಗಟ್ಟಿ ಇರಲಿ ಅಂತ ಲಾರಿಯ ದಪ್ಪ ಪಟ್ಟಿ ಜೋಡಿಸುತ್ತಾರೆ. ಅದು 1,600 ಕೆಜಿಗೆ ಬಗ್ಗುವುದೇ ಇಲ್ಲ, ಹೆಸರಿಗೆ ಮಾತ್ರ ಸ್ಪ್ರಿಂಗ್. ಖಾಲಿ ಬರುವಾಗ ಟ್ರೈಲರ್ ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ನಮ್ಮ ಲೆಕ್ಕದಲ್ಲಿ ಚಕ್ರಕ್ಕೆ 360 ಕೆಜಿ, ಹಾಗಾಗಿ ಒಂದೊಂದು ಪಟ್ಟಿ 400–450 ಕೆಜಿಗೆ ಮಾಡಿದ್ದಾದರೆ ಸಾಕು. ಗುಜರಿಯಲ್ಲಿ ಓಮ್ನಿಯದೋ ಜಿಪ್ಸಿಯದೋ ಪಟ್ಟಿ ಅಗ್ಗಕ್ಕೆ ಸಿಗುತ್ತದೆ. ಒಂದೇ ಆಕ್ಸಲ್‌ನ ಹಗುರ ಟ್ರೈಲರ್‌ಗೆ ಯೋಚಿಸಬಹುದು. ಆದರೆ ಅವು ಉದ್ದ ಜಾಸ್ತಿ, ಎರಡು ಆಕ್ಸಲ್ ಹತ್ತಿರ ಹತ್ತಿರ ಕೂರಿಸಲು ಆಗುವುದಿಲ್ಲ. ಹಳೆಯದು ಕೂತುಹೋಗಿರುವ ಸಾಧ್ಯತೆಯೂ ಇದೆ.

ಸರಿಯಾಯಿತೋ ಇಲ್ಲವೋ ಅಂತ ನೋಡಲು ಟೇಪ್ ಸಾಕು. ಖಾಲಿ ಇದ್ದಾಗ ಚಾಸಿಯ ಎತ್ತರ ಅಳೆಯಿರಿ, ಕಾರು ಹತ್ತಿಸಿ ಮತ್ತೆ ಅಳೆಯಿರಿ. 3ರಿಂದ 5 ಸೆಂ.ಮೀ. ಇಳಿದರೆ ನನಗೆ ಸಮಾಧಾನ. ಅಲ್ಲಾಡದೇ ಇದ್ದರೆ ಗಟ್ಟಿಯಾಯಿತು, ಆಕ್ಸಲ್ ಬಂದು ಚಾಸಿಗೆ ತಾಗುವಂತಿದ್ದರೆ ಮೆತ್ತಗಾಯಿತು. ಮಡ್‌ಗಾರ್ಡ್ ಮತ್ತು ಟೈರ್ ನಡುವೆ ಭಾರ ಹೇರಿದ ಮೇಲೂ ಏಳೆಂಟು ಸೆಂ.ಮೀ. ಜಾಗ ಇರಲಿ.

ಹೆಜ್ಜೆ 5: ಕೂರಿಸುವುದು, ಕಟ್ಟುವುದು, ಹೊರಡುವುದು

ಪಟ್ಟಿ ಹಿಡಿಯುವ ಬ್ರಾಕೆಟ್ಟನ್ನು ಚಾನೆಲ್‌ನ ಅಡಿಗೆ ಸುಮ್ನೆ ಬೆಸೆಯಬೇಡಿ. ಒಳಗಡೆ ಒಂದು ತುಂಡು ಪ್ಲೇಟ್ ಕೊಟ್ಟು ಗಟ್ಟಿ ಮಾಡಿಸಿ. ಎರಡೂ ಬದಿಯಲ್ಲಿ ಹುಕ್ಕಿನಿಂದ ಆಕ್ಸಲ್‌ಗೆ ಇರುವ ದೂರ ಒಂದೇ ಇರಬೇಕು, ಇಲ್ಲದಿದ್ದರೆ ಟ್ರೈಲರ್ ಏಡಿಯ ಹಾಗೆ ಅಡ್ಡ ಓಡುತ್ತದೆ. ಪಟ್ಟಿಯನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳನ್ನು ಮೊದಲ ನೂರು ಕಿ.ಮೀ. ಆದಮೇಲೆ ಮತ್ತೆ ಬಿಗಿ ಮಾಡಿ.

ಕಾರನ್ನು ಬೆಲ್ಟ್ ಹಾಕಿ ಕಟ್ಟುವಾಗ ಟೈರಿನ ಮೇಲಿಂದ ಕಟ್ಟಿ. ಬಾಡಿಯನ್ನು ಕೆಳಕ್ಕೆ ಜಗ್ಗಿ ಕಟ್ಟಿದರೆ ಪ್ರತಿ ಗುಂಡಿಗೂ ಕಾರಿನ ಸ್ಪ್ರಿಂಗ್ ಆಡಿ ಬೆಲ್ಟ್ ಸಡಿಲವಾಗುತ್ತದೆ. ಹಾಂ, ಇನ್ನೊಂದು ಮಾತು, ಇದನ್ನು ಮೊದಲೇ ಹೇಳಬೇಕಿತ್ತು: ರಸ್ತೆಗೆ ಇಳಿಯುವ ಟ್ರೈಲರ್‌ಗೆ ಅದರದೇ ನೋಂದಣಿ ಬೇಕು. ಕಬ್ಬಿಣ ತರುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ.

ಮೊದಲ ಸಲ ಭಾರ ಹೇರಿ ಹೊರಟಾಗ ಇಪ್ಪತ್ತು ಕಿ.ಮೀ. ಹೋಗಿ ನಿಲ್ಲಿಸಿ, ಇಳಿದು ನಾಲ್ಕೂ ಟೈರ್ ಮುಟ್ಟಿ ನೋಡಿ. ಚಕ್ರದ ನಡುವಿನ ಹಬ್ ಹತ್ತಿರ ಕೈಯನ್ನು ಹುಷಾರಾಗಿ ತನ್ನಿ. ನಾಲ್ಕೂ ಒಂದೇ ಥರ ಬೆಚ್ಚಗಿದ್ದರೆ ಮುಂದೆ ಹೋಗಿ. ಒಂದು ಟೈರು ಮಾತ್ರ ಜಾಸ್ತಿ ಬಿಸಿಯಾಗಿದ್ದರೆ ಗಾಳಿ ಕಡಿಮೆ ಇರಬಹುದು, ಅಥವಾ ಭಾರ ಒಂದು ಕಡೆಗೆ ವಾಲಿರಬಹುದು. ಹಬ್ ಮಾತ್ರ ಸುಡುತ್ತಿದ್ದರೆ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಅಲ್ಲೇ ಜಾಕ್ ಕೊಟ್ಟು ಚಕ್ರ ತಿರುಗಿಸಿ ನೋಡಿ.